ಬಾಡಿಗೆ ಕಪಾಟಿನ ಪುಸ್ತಕಗಳು

ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಆಸ್ತಿ ಸುಮಾರು 17 ಕೋಟಿ ವಸ್ತುಗಳು. ಪುಸ್ತಕ, ಹಸ್ತಪ್ರತಿ, ದಿನಪತ್ರಿಕೆ, ನಕಾಶೆ, ಅಂಚೆಚೀಟಿ, ಧ್ವನಿಮುದ್ರಿಕೆ ಎಲ್ಲ ಸೇರಿದ ಲೆಕ್ಕ ಇದು. 2023ರ ಅಕ್ಟೋಬರ್ 28ರ ಶನಿವಾರ ಇದರಲ್ಲಿ ಒಂದು ಹಾಳೆಯೂ ಹರಿಯಲಿಲ್ಲ, ಸುಡಲಿಲ್ಲ, ಕಳುವಾಗಲಿಲ್ಲ. ಆದರೂ ಅಂದಿನಿಂದ ತಿಂಗಳುಗಟ್ಟಲೆ ಬಹುಪಾಲು ಪುಸ್ತಕಗಳು ಓದುಗರ ಕೈಗೆ ಸಿಗಲಿಲ್ಲ. ಪುಸ್ತಕ ಇದ್ದಲ್ಲೇ ಇತ್ತು. ಎಲ್ಲಿದೆ ಎಂದು ಹೇಳಬೇಕಿದ್ದ ಕಂಪ್ಯೂಟರುಗಳು ಕೈಕೊಟ್ಟಿದ್ದವು.

ಕೆಲಸ ‘ರೈಸಿಡಾ’ ಎಂಬ ರ‍್ಯಾನ್ಸಮ್‌ವೇರ್ ತಂಡದ್ದು. ಒಳನುಗ್ಗಿದವರು ಬೇಕಾದ ಫೈಲುಗಳನ್ನು ನಕಲು ಮಾಡಿಕೊಂಡರು, ಉಳಿದದ್ದಕ್ಕೆ ಬೀಗ ಜಡಿದರು, ಹೋಗುವ ಮುನ್ನ ಕೆಲವು ಸರ್ವರುಗಳನ್ನು ಹಾಳುಗೆಡವಿದರು. ಕದ್ದ ಮಾಹಿತಿಯನ್ನು 20 ಬಿಟ್‌ಕಾಯಿನ್‌ಗೆ, ಅಂದರೆ ಆಗಿನ ದರದಲ್ಲಿ ಸುಮಾರು 6 ಲಕ್ಷ ಪೌಂಡ್‌ಗೆ ಹರಾಜಿಗಿಟ್ಟರು. ಲೈಬ್ರರಿ ಹಣ ಕೊಡಲಿಲ್ಲ. ಸಾರ್ವಜನಿಕ ಸಂಸ್ಥೆಗಳು ಇಂಥವರಿಗೆ ಸುಲಿಗೆ ಹಣ ತೆರಬಾರದೆಂಬುದು ಬ್ರಿಟನ್ನಿನ ಧೋರಣೆ. ಸುಮಾರು 600 ಗಿಗಾಬೈಟ್ ಮಾಹಿತಿ ಡಾರ್ಕ್ ವೆಬ್ ಸೇರಿತು. ಅದರಲ್ಲಿ ಸಿಬ್ಬಂದಿಯ ಖಾಸಗಿ ವಿವರಗಳೂ ಇದ್ದವು.

ಮುಂದಿನ ವರ್ಷದ ಮಾರ್ಚ್‌ನಲ್ಲಿ ಲೈಬ್ರರಿ ತನ್ನ ತಪ್ಪುಗಳನ್ನು ತಾನೇ ಪಟ್ಟಿ ಮಾಡಿ ವರದಿ ಪ್ರಕಟಿಸಿತು. ಇಷ್ಟು ದೊಡ್ಡ ಸಂಸ್ಥೆ ಇಷ್ಟು ನೇರವಾಗಿ ಬರೆದುಕೊಂಡದ್ದು ಅಪರೂಪ. ಹೊರಗಿನ ಗುತ್ತಿಗೆದಾರರೂ ತಂತ್ರಜ್ಞರೂ ದೂರದಿಂದಲೇ ಕೆಲಸ ಮಾಡಲೆಂದು 2020ರ ಫೆಬ್ರುವರಿಯಲ್ಲಿ ಒಂದು ಸರ್ವರ್ ಇಟ್ಟಿದ್ದರು. ಬ್ಯಾಂಕಿನವರು ಮೊಬೈಲಿಗೆ ಒಟಿಪಿ ಕಳಿಸುತ್ತಾರಲ್ಲ, ಅಂಥ ಎರಡನೇ ಹಂತದ ತಪಾಸಣೆ ಆ ಒಂದು ಬಾಗಿಲಿಗೆ ಇರಲಿಲ್ಲ. ಕಳ್ಳರು ಬಂದದ್ದು ಬಹುಶಃ ಆ ದಾರಿಯಿಂದ. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಹಳೆಯ ಸಾಫ್ಟ್‌ವೇರ್. ವರ್ಷಗಳಿಂದ ಒಂದರ ಮೇಲೊಂದು ಪೇರಿಸಿಕೊಂಡು ಬಂದಿದ್ದ ವ್ಯವಸ್ಥೆಗಳಲ್ಲಿ ಹಲವು ಎಷ್ಟು ಹಳತಾಗಿದ್ದವೆಂದರೆ, ಬ್ಯಾಕಪ್ ಇದ್ದರೂ ಅವನ್ನು ಮತ್ತೆ ಕೂರಿಸಲು ಯಂತ್ರವೂ ಇರಲಿಲ್ಲ, ತಯಾರಕರ ಬೆಂಬಲವೂ ಇರಲಿಲ್ಲ.

ಇದರ ಪರಿಣಾಮ ಕಣ್ಣಿಗೆ ಕಟ್ಟುವುದು ಯಾರ್ಕ್‌ಷೈರ್‌ನ ಬಾಸ್ಟನ್ ಸ್ಪಾದಲ್ಲಿ. ಅಲ್ಲಿ ಬ್ರಿಟಿಷ್ ಲೈಬ್ರರಿಯ ದೊಡ್ಡ ಉಗ್ರಾಣವಿದೆ. ಬೆಂಕಿ ಹೊತ್ತದಂತೆ ಒಳಗಿನ ಗಾಳಿಯಲ್ಲಿ ಆಮ್ಲಜನಕವನ್ನೇ ಕಡಿಮೆ ಇಟ್ಟಿದ್ದಾರೆ. ಆಕಾಶದೆತ್ತರದ ಕಪಾಟುಗಳ ನಡುವೆ ಮನುಷ್ಯರು ಓಡಾಡುವುದಿಲ್ಲ. ಕ್ರೇನುಗಳು ಪೆಟ್ಟಿಗೆ ಎಳೆದು ತರುತ್ತವೆ. ಯಾವ ಪೆಟ್ಟಿಗೆಯಲ್ಲಿ ಯಾವ ಪುಸ್ತಕ ಎಂಬುದು ಸಾಫ್ಟ್‌ವೇರಿಗೆ ಮಾತ್ರ ಗೊತ್ತು. ಬೆಂಕಿಯಿಂದ, ತೇವದಿಂದ, ಹುಳದಿಂದ, ಮನುಷ್ಯರ ಕೈಯಿಂದ ಪುಸ್ತಕವನ್ನು ಕಾಪಾಡಲು ಕಟ್ಟಿದ ಕೋಟೆಯೇ ಸಾಫ್ಟ್‌ವೇರ್ ನಿಂತ ದಿನ ತನ್ನವರನ್ನೂ ಒಳಗೆ ಬಿಡಲಿಲ್ಲ. ಲಂಡನ್ನಿನ ವಾಚನಾಲಯದಲ್ಲಿ ಸಿಬ್ಬಂದಿ ಮತ್ತೆ ಕಾಗದದ ಚೀಟಿಗೆ ಇಳಿದರು. ಆನ್‌ಲೈನ್ ಕ್ಯಾಟಲಾಗ್ ಹುಡುಕಲಷ್ಟೇ ಬರುವಂತೆ ವಾಪಸಾದದ್ದು 2024ರ ಜನವರಿ 15ರಂದು. ಪಿಎಚ್‌.ಡಿ. ಪ್ರಬಂಧಗಳ ಭಂಡಾರ, ಡಿಜಿಟಲ್ ಹಸ್ತಪ್ರತಿಗಳು ಅದಾದ ಮೇಲೂ ಬಹಳ ಕಾಲ ಮರೆಯಲ್ಲೇ ಇದ್ದವು.

ಇದರಲ್ಲಿ ಕನ್ನಡದವರಿಗೂ ಒಂದು ಪಾಲಿದೆ. ಹತ್ತೊಂಬತ್ತನೇ ಶತಮಾನದ ಕನ್ನಡ ಅಚ್ಚುಪುಸ್ತಕಗಳ ದೊಡ್ಡ ಸಂಗ್ರಹವೊಂದು ಆ ಲೈಬ್ರರಿಯಲ್ಲಿದೆ. ಅದು ಬ್ರಿಟಿಷ್ ಮ್ಯೂಸಿಯಂ ಭಾಗವಾಗಿದ್ದ ಕಾಲದಲ್ಲಿ, 1910ರಲ್ಲಿ, ಎಲ್.ಡಿ. ಬಾರ್ನೆಟ್ ಎಂಬ ವಿದ್ವಾಂಸರು ಅಲ್ಲಿನ ಕನ್ನಡ, ಬಡಗ, ಕೊಡವ ಪುಸ್ತಕಗಳ ಕ್ಯಾಟಲಾಗನ್ನು ಅಚ್ಚು ಹಾಕಿಸಿದ್ದರು. ಆ ಪಟ್ಟಿಗೆ ಪಾಸ್‌ವರ್ಡ್ ಬೇಡ. ನೂರು ವರ್ಷಕ್ಕೂ ಹೆಚ್ಚು ಕಳೆದರೂ ಕಪಾಟಿನಿಂದ ತೆಗೆದರೆ ಹೇಳಬೇಕಾದ್ದನ್ನು ಹೇಳುತ್ತದೆ.

ಅದೇ ಶನಿವಾರ, ಅಟ್ಲಾಂಟಿಕ್‌ನ ಆಚೆ ದಂಡೆಯಲ್ಲಿ ಟೊರಾಂಟೊ ಸಾರ್ವಜನಿಕ ಗ್ರಂಥಾಲಯವೂ ಇಂಥದ್ದೇ ದಾಳಿಗೆ ತುತ್ತಾಯಿತು. ನೂರು ಶಾಖೆಗಳ ಲೈಬ್ರರಿ ಅದು. ಬಾಗಿಲು ತೆರೆದೇ ಇತ್ತು, ಎರವಲು ಕೊಡುವುದೂ ಕೈಬರಹದಲ್ಲಿ ನಡೆಯಿತು. ಆದರೆ ಓದಿ ಮರಳಿಸಿದ ಪುಸ್ತಕಗಳನ್ನು ಜಮಾ ಮಾಡಿಕೊಳ್ಳಲು ದಾರಿಯಿಲ್ಲ. ಜಮಾ ಆಗದೆ ಕಪಾಟಿಗೆ ಇಡುವಂತಿಲ್ಲ. ಹತ್ತು ಲಕ್ಷದಷ್ಟು ಪುಸ್ತಕಗಳು ದೊಡ್ಡ ಟ್ರೇಲರ್ ಲಾರಿಗಳಲ್ಲಿ ತುಂಬಿಕೊಂಡು ಕಾದವು. ಎಲ್ಲ ಸರಿಹೋಗುವಾಗ 2024ರ ಫೆಬ್ರುವರಿ ಬಂದಿತ್ತು.

ಇವು ಸುದ್ದಿಯಾದವು. ಕಳ್ಳ ಬಂದರೆ ಸುದ್ದಿಯಾಗುತ್ತದೆ. ಆದರೆ ಜಗತ್ತಿನ ಗ್ರಂಥಪಾಲಕರನ್ನು ಈಗ ನಿಜಕ್ಕೂ ಕಾಡುತ್ತಿರುವ ನಷ್ಟ ಬೀಗ ಮುರಿದು ಆದದ್ದಲ್ಲ, ಕರಾರುಪತ್ರಕ್ಕೆ ಸಹಿ ಹಾಕಿ ಆದದ್ದು. ಒಂದು ಪುಸ್ತಕ ಕೊಂಡರೆ ಅದು ಲೈಬ್ರರಿಯದ್ದು ಎಂಬ, ಯಾರೂ ಎರಡು ಸಲ ಯೋಚಿಸದಿದ್ದ ಹಕ್ಕು ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಸದ್ದಿಲ್ಲದೆ ಕೈಜಾರಿದೆ.

ಆ ಹಕ್ಕಿನ ಹಿಂದೆ ಒಂದು ಸ್ವಾರಸ್ಯದ ಮೊಕದ್ದಮೆಯಿದೆ. ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ತನ್ನ ಒಂದು ಕಾದಂಬರಿಯ ಒಳಪುಟದಲ್ಲಿ, ಇದನ್ನು ಒಂದು ಡಾಲರ್‌ಗಿಂತ ಕಡಿಮೆಗೆ ಮಾರುವಂತಿಲ್ಲ, ಮಾರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸೀಸ್ ಅಂಗಡಿಯವರು 89 ಸೆಂಟ್‌ಗೆ ಮಾರಿದರು. 1908ರಲ್ಲಿ ಸುಪ್ರೀಂ ಕೋರ್ಟು ಅಂಗಡಿಯವರ ಪರ ತೀರ್ಪು ಕೊಟ್ಟಿತು. ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕರ ಹಿಡಿತ ಅಲ್ಲಿಗೆ ಮುಗಿಯಿತು; ಕೊಂಡವರು ಅದನ್ನು ಮಾರಬಹುದು, ದಾನ ಕೊಡಬಹುದು, ಎರವಲು ಕೊಡಬಹುದು. ಹೊಸತು ಮಾಡಿ ಅಚ್ಚು ಹಾಕುವುದಕ್ಕಷ್ಟೇ ಅಡ್ಡಿ. ಹಳೆ ಪುಸ್ತಕದಂಗಡಿಯೂ ಸಾರ್ವಜನಿಕ ಗ್ರಂಥಾಲಯವೂ ಇದೇ ತಳಹದಿಯ ಮೇಲೆ ನಿಂತಿವೆ. 1931ರಲ್ಲಿ ಮದ್ರಾಸಿನಲ್ಲಿ ಕೂತು ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರ ಕಟ್ಟಿದ ಎಸ್.ಆರ್. ರಂಗನಾಥನ್ ಅವರ ಮುಂದಿದ್ದ ಸಮಸ್ಯೆಯೇ ಬೇರೆ. ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಲೈಬ್ರರಿಯನ್ನರನ್ನು ಬದಲಿಸುವುದು ಹೇಗೆಂದು ಅವರು ತಲೆ ಕೆಡಿಸಿಕೊಂಡಿದ್ದರು. ಪುಸ್ತಕ ಲೈಬ್ರರಿಯದ್ದು ಹೌದೋ ಅಲ್ಲವೋ ಎಂಬ ಪ್ರಶ್ನೆ ಆ ಸೂತ್ರಗಳಲ್ಲಿ ಎಲ್ಲೂ ಏಳುವುದಿಲ್ಲ. ಏಳಲು ಕಾರಣವೇ ಇರಲಿಲ್ಲ.

ಇ-ಪುಸ್ತಕ ಬಂದಾಗ ಪ್ರಕಾಶಕರಿಗೆ 1908ರಲ್ಲಿ ಸೋತದ್ದನ್ನು ಗೆಲ್ಲುವ ದಾರಿ ಕಂಡಿತು. ಮಾರಿದರೆ ತಾನೇ ಹಿಡಿತ ತಪ್ಪುವುದು? ಮಾರುವುದೇ ಬೇಡ, ಬಾಡಿಗೆಗೆ ಕೊಡೋಣ. ಇ-ಪುಸ್ತಕಕ್ಕೆ ಲೈಬ್ರರಿ ಹಣ ಕೊಟ್ಟಾಗ ಅದು ಪಡೆಯುವುದು ಪುಸ್ತಕವನ್ನಲ್ಲ, ಪುಸ್ತಕವನ್ನು ಇಂತಿಷ್ಟು ದಿನ ಇಂಥ ಷರತ್ತಿನಲ್ಲಿ ಓದುಗರಿಗೆ ತೋರಿಸುವ ಪರವಾನಗಿಯನ್ನು. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗಬೇಕು. ಬಾಡಿಗೆ ಏರಿದರೆ ತೆರಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

2011ರಲ್ಲಿ ಹಾರ್ಪರ್‌ಕಾಲಿನ್ಸ್ ಸಂಸ್ಥೆ ಒಂದು ನಿಯಮ ತಂದಿತು: ಲೈಬ್ರರಿಗೆ ಕೊಟ್ಟ ಇ-ಪುಸ್ತಕ 26 ಸಲ ಎರವಲು ಹೋದ ಮೇಲೆ ಮಾಯ. ಬೇಕಿದ್ದರೆ ಮತ್ತೆ ಹಣ ಕಟ್ಟಬೇಕು. ಕಾಗದದ ಪುಸ್ತಕವೂ ಅಷ್ಟು ಕೈ ಬದಲಾಯಿಸುವಷ್ಟರಲ್ಲಿ ಸವೆದು ಹೋಗುತ್ತದಲ್ಲ ಎಂಬುದು ಸಮರ್ಥನೆ. ಓಕ್ಲಹೋಮಾದ ಗ್ರಂಥಪಾಲಕರು ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಅವರು ವಾದಕ್ಕೆ ಹೋಗಲಿಲ್ಲ. ತಮ್ಮ ಕಪಾಟಿನಿಂದ ಅದೇ ಸಂಸ್ಥೆಯ, 26ಕ್ಕಿಂತ ಹೆಚ್ಚು ಸಲ ಎರವಲು ಹೋಗಿದ್ದ ಪುಸ್ತಕಗಳನ್ನು ತೆಗೆದು, ಕ್ಯಾಮೆರಾದ ಮುಂದೆ ಒಂದೊಂದಾಗಿ ಪುಟ ತಿರುವಿ ತೋರಿಸಿದರು. ಬೆನ್ನು ಗಟ್ಟಿ, ಹೊಲಿಗೆ ಗಟ್ಟಿ. ನಮ್ಮೂರ ಲೈಬ್ರರಿಗಳಲ್ಲಿ ಮೂರು ಸಲ ಬೈಂಡ್ ಆಗಿ, ಮೊದಲ ಎಂಟು ಪುಟ ಕಳಕೊಂಡು, ಇನ್ನೂ ಸೈ ಎನ್ನುತ್ತ ಓಡಾಡುವ ತ್ರಿವೇಣಿ ಕಾದಂಬರಿಗಳನ್ನು ಅವರು ನೋಡಿದ್ದರೆ ವಿಡಿಯೊ ಇನ್ನೂ ಉದ್ದವಾಗುತ್ತಿತ್ತು.

ನಿಯಮ ಉಳಿಯಿತು. ಬೇರೆ ದೊಡ್ಡ ಪ್ರಕಾಶಕರು ಇನ್ನೊಂದು ಬಗೆ ಹಿಡಿದರು: ಎಷ್ಟು ಸಲವಾದರೂ ಕೊಡಿ, ಎರಡು ವರ್ಷಕ್ಕೆ ಮುಗಿಯಿತು. ಬರಾಕ್ ಒಬಾಮಾ ಅವರ ‘ಎ ಪ್ರಾಮಿಸ್ಡ್ ಲ್ಯಾಂಡ್’ 2020ರ ನವೆಂಬರ್‌ನಲ್ಲಿ ಬಂದಾಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಇ-ಪುಸ್ತಕಕ್ಕೆ ಒಂದು ವರ್ಷದ ಮತ್ತು ಎರಡು ವರ್ಷದ ಪರವಾನಗಿಗಳನ್ನು ಒಟ್ಟು 639 ಪಡೆಯಿತು. ಖರ್ಚು 22,512 ಡಾಲರ್. ಆ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಒಬ್ಬ ಮಾಜಿ ಅಧ್ಯಕ್ಷರ ಆತ್ಮಕಥೆಗೇ ಹೀಗೆ. ಮೊದಲ ಪುಸ್ತಕ ಬರೆದ ಯಾರೋ ಕವಿಯ ಸಂಕಲನಕ್ಕೆ ಎರಡು ವರ್ಷವಾದ ಮೇಲೆ ಮತ್ತೆ ಹಣ ಹಾಕಲು ಯಾವ ಲೈಬ್ರರಿಯ ಖರೀದಿ ಸಮಿತಿ ಕೈ ಎತ್ತೀತು? ಬೇಡಿಕೆ ಇಲ್ಲದ್ದು ತಾನಾಗಿ ಉದುರಿಹೋಗುತ್ತದೆ. ಗ್ರಂಥಾಲಯ ಇರುವುದೇ ಬೇಡಿಕೆ ಇಲ್ಲದ್ದನ್ನೂ ಇಟ್ಟುಕೊಂಡಿರಲು ಎಂಬ ಮಾತಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಪ್ರಕಾಶಕರದ್ದು ಬರೀ ದುರಾಸೆ ಎನ್ನಲೂ ನಾನು ತಯಾರಿಲ್ಲ. ಕಾಗದದ ಪುಸ್ತಕ ಎರವಲು ತರಲು ಎದ್ದು ಹೋಗಬೇಕು, ಸರದಿ ಕಾಯಬೇಕು, ಮತ್ತೆ ಹೋಗಿ ಕೊಟ್ಟು ಬರಬೇಕು. ಆ ತೊಡಕಿನ ಕಾರಣಕ್ಕೇ ಬಹಳ ಜನ ಕೊಂಡು ಓದುತ್ತಾರೆ. ನಡುರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡೇ ಫೋನಿನಲ್ಲಿ ಬಿಟ್ಟಿ ಸಿಗುವ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು? ಲೇಖಕರ ಗೌರವಧನ ಎಲ್ಲಿಂದ ಬರಬೇಕು? ಭಯ ಸುಳ್ಳಲ್ಲ. ಆದರೆ ಮ್ಯಾಕ್ಮಿಲನ್ ಸಂಸ್ಥೆ 2019ರ ನವೆಂಬರ್‌ನಲ್ಲಿ ಅದಕ್ಕೆ ಕಂಡುಕೊಂಡ ಮದ್ದು ಅತಿಯಾಯಿತು. ಹೊಸ ಪುಸ್ತಕ ಬಂದ ಮೊದಲ ಎಂಟು ವಾರ ಇಡೀ ನಗರದ ಲೈಬ್ರರಿ ವ್ಯವಸ್ಥೆಗೆ ಒಂದೇ ಒಂದು ಇ-ಪ್ರತಿ! ಹಲವು ಲೈಬ್ರರಿಗಳು ಆ ಸಂಸ್ಥೆಯ ಇ-ಪುಸ್ತಕ ಕೊಳ್ಳುವುದನ್ನೇ ನಿಲ್ಲಿಸಿದವು. 2020ರ ಮಾರ್ಚ್‌ನಲ್ಲಿ ಮ್ಯಾಕ್ಮಿಲನ್ ಹಿಂದೆ ಸರಿಯಿತು. ಕಾನೂನಿನ ದಾರಿ ಅಷ್ಟು ಸಲೀಸಾಗಿ ತೆರೆಯಲಿಲ್ಲ. ಲೈಬ್ರರಿಗಳಿಗೆ ನ್ಯಾಯವಾದ ಷರತ್ತಿನಲ್ಲಿ ಇ-ಪುಸ್ತಕ ಕೊಡಬೇಕೆಂದು ಮೇರಿಲ್ಯಾಂಡ್ ರಾಜ್ಯ 2021ರಲ್ಲಿ ಮಾಡಿದ ಕಾಯ್ದೆಯನ್ನು, ಹಕ್ಕುಸ್ವಾಮ್ಯ ಕೇಂದ್ರದ ವಿಷಯ ಎಂಬ ಕಾರಣಕ್ಕೆ ಮರುವರ್ಷವೇ ನ್ಯಾಯಾಲಯ ಬದಿಗಿಟ್ಟಿತು.

ಈ ಜಗಳದ ಅತಿ ದೊಡ್ಡ ಅಂಕ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಹಿಂದೆ ಚರ್ಚ್ ಆಗಿದ್ದ ಕಟ್ಟಡವೊಂದರಲ್ಲಿ. ಬ್ರೂಸ್ಟರ್ ಕೇಲ್ 1996ರಲ್ಲಿ ಕಟ್ಟಿದ ಇಂಟರ್‌ನೆಟ್ ಆರ್ಕೈವ್‌ನ ಮನೆ ಅದು. ಇವರ ತರ್ಕ ಸರಳ: ನಮ್ಮಲ್ಲಿ ಕಾಗದದ ಒಂದು ಪ್ರತಿ ಇದೆ, ಅದನ್ನು ಸ್ಕ್ಯಾನ್ ಮಾಡುತ್ತೇವೆ, ಕಾಗದದ್ದನ್ನು ಉಗ್ರಾಣಕ್ಕೆ ಸೇರಿಸಿ ಸ್ಕ್ಯಾನ್ ಪ್ರತಿಯನ್ನು ಒಮ್ಮೆಗೆ ಒಬ್ಬರಿಗೆ ಮಾತ್ರ ಎರವಲು ಕೊಡುತ್ತೇವೆ. ಒಂದು ಪ್ರತಿ, ಒಬ್ಬ ಓದುಗ. ಇದರಲ್ಲಿ ಹೊಸತೇನಿದೆ? ವರ್ಷಗಳ ಕಾಲ ಪ್ರಕಾಶಕರು ಗೊಣಗುತ್ತ ಸುಮ್ಮನಿದ್ದರು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಲೈಬ್ರರಿಗಳೆಲ್ಲ ಮುಚ್ಚಿದಾಗ ಆರ್ಕೈವ್ ‘ರಾಷ್ಟ್ರೀಯ ತುರ್ತು ಗ್ರಂಥಾಲಯ’ ಎಂದು ಹೆಸರಿಟ್ಟು ಆ ಒಬ್ಬರೆಂಬ ಮಿತಿಯನ್ನು ತೆಗೆದುಹಾಕಿತು. ಉದ್ದೇಶ ದೊಡ್ಡದು, ತಂತ್ರ ಕೆಟ್ಟದು. ಕಾಯುತ್ತಿದ್ದವರ ಕೈಗೆ ತಾನೇ ಕೋಲು ಕೊಟ್ಟಂತಾಯಿತು.

ಜೂನ್ 1ರಂದು ಹ್ಯಾಷೆಟ್, ಹಾರ್ಪರ್‌ಕಾಲಿನ್ಸ್, ಪೆಂಗ್ವಿನ್ ರ‍್ಯಾಂಡಮ್ ಹೌಸ್, ವೈಲಿ ಸಂಸ್ಥೆಗಳು 127 ಪುಸ್ತಕಗಳನ್ನು ಮುಂದಿಟ್ಟುಕೊಂಡು ದಾವೆ ಹೂಡಿದವು. ಮಿತಿ ತೆಗೆದದ್ದನ್ನು ಮಾತ್ರವಲ್ಲ, ಒಂದು ಪ್ರತಿಗೆ ಒಬ್ಬ ಓದುಗ ಎಂಬ ಮೂಲ ಕ್ರಮವನ್ನೇ ಪ್ರಶ್ನಿಸಿದವು. 2023ರ ಮಾರ್ಚ್‌ನಲ್ಲಿ ಜಿಲ್ಲಾ ನ್ಯಾಯಾಲಯ, 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಪ್ರಕಾಶಕರ ಪರ ನಿಂತವು. ಆರ್ಕೈವ್ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. ಐದು ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಎರವಲು ಪಟ್ಟಿಯಿಂದ ಇಳಿದವು. ಗಾಯದ ಮೇಲೆ ಬರೆ ಎಂಬಂತೆ ಅಕ್ಟೋಬರ್‌ನಲ್ಲಿ ಆರ್ಕೈವ್ ಮೇಲೂ ಸೈಬರ್ ದಾಳಿಯಾಗಿ 3 ಕೋಟಿಗೂ ಹೆಚ್ಚು ಬಳಕೆದಾರರ ಮಾಹಿತಿ ಸೋರಿತು, ಸೈಟು ಕೆಲವು ದಿನ ನಿಂತೇಹೋಯಿತು.

ಆ ದಿನಗಳಲ್ಲಿ ಬೆಂಗಳೂರು, ಮೈಸೂರು, ಧಾರವಾಡಗಳ ಸಂಶೋಧಕರಿಗೂ ಕೈಕಾಲು ಕಟ್ಟಿಹಾಕಿದಂತಾದರೆ ಆಶ್ಚರ್ಯವಿಲ್ಲ. ಯಾಕೆಂದರೆ ಕನ್ನಡದ ಹಳೆಯ ಪುಸ್ತಕ ಹುಡುಕುವವರು ಇವತ್ತು ಮೊದಲು ಹೋಗುವುದು ಅಲ್ಲಿಗೇ. ಇದರ ಕತೆ ಕೇಳುವಂಥದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ, ಸರ್ಕಾರದ ಹಣದಲ್ಲಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಯೋಜನೆ ನಡೆಯಿತು. ದೇಶದ ಎಷ್ಟೋ ಗ್ರಂಥಾಲಯಗಳ ಪುಸ್ತಕಗಳು ಸ್ಕ್ಯಾನ್ ಆದವು, ಕನ್ನಡದವು ಸಾವಿರಗಟ್ಟಲೆ. ಸ್ಕ್ಯಾನಿನ ಗುಣಮಟ್ಟ ಅಷ್ಟಕ್ಕಷ್ಟೆ. ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಯಾರು ಯಾರೋ ಟೈಪ್ ಮಾಡಿದ್ದರಿಂದ ಬೇಕಾದ ಪುಸ್ತಕ ಹುಡುಕಲು ನಾಲ್ಕು ತಪ್ಪು ಕಾಗುಣಿತಗಳನ್ನಾದರೂ ಪ್ರಯತ್ನಿಸಬೇಕು. ಆದರೂ ಅದು ಗಣಿ. 2017ರ ಹೊತ್ತಿಗೆ ಹಕ್ಕುಸ್ವಾಮ್ಯದ ತಕರಾರಿನಲ್ಲಿ ಆ ಸೈಟು ಮುಚ್ಚಿತು. ಅಷ್ಟರಲ್ಲಿ ಕಾರ್ಲ್ ಮಲಮೂಡ್ ಎಂಬ ಅಮೆರಿಕನ್ ಸಾರ್ವಜನಿಕ ಮಾಹಿತಿ ಹೋರಾಟಗಾರರು ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಇಂಟರ್‌ನೆಟ್ ಆರ್ಕೈವ್‌ಗೆ ಏರಿಸಿಬಿಟ್ಟಿದ್ದರು. ನಮ್ಮ ತೆರಿಗೆ ಹಣದಲ್ಲಿ, ನಮ್ಮ ಊರಿನ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ ಫೈಲು ಉಳಿದದ್ದು ಸ್ಯಾನ್ ಫ್ರಾನ್ಸಿಸ್ಕೊದ ಹಳೆ ಚರ್ಚಿನ ದಯೆಯಿಂದ! ಈಗ ಬೆಂಗಳೂರಿನಲ್ಲೇ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಹೆಸರಿನಲ್ಲಿ ಸ್ವಯಂಸೇವಕರು ಸ್ಕ್ಯಾನ್ ಮಾಡಿ ಅಲ್ಲಿಗೇ ಸೇರಿಸುತ್ತಿದ್ದಾರೆ. ಅವರ ಕೆಲಸದ ಬಗ್ಗೆ ನನಗೆ ತುಂಬು ಗೌರವ. ಜೊತೆಗೆ ಒಂದು ಅಳುಕೂ ಇದೆ. ಒಂದೇ ಮನೆಯಲ್ಲಿ ಎಲ್ಲವನ್ನೂ ಇಡುವುದು ಗ್ರಂಥಪಾಲಕರ ಹಳೆಯ ಪಾಠಕ್ಕೆ ವಿರುದ್ಧ.

ವಿಶ್ವವಿದ್ಯಾಲಯಗಳ ಲೈಬ್ರರಿಗಳಲ್ಲಿ ಈ ಬಾಡಿಗೆ ಪದ್ಧತಿ ಇನ್ನೂ ಹಳತು. ಹಿಂದೆ ಸಂಶೋಧನಾ ನಿಯತಕಾಲಿಕಗಳಿಗೆ ಚಂದಾ ಕಟ್ಟಿದರೆ ವರ್ಷದ ಕೊನೆಗೆ ಸಂಚಿಕೆಗಳನ್ನು ಸೇರಿಸಿ ಬೈಂಡ್ ಮಾಡಿಸುತ್ತಿದ್ದರು. ಮರುವರ್ಷ ಚಂದಾ ನಿಲ್ಲಿಸಿದರೂ ಆ ದಪ್ಪ ಸಂಪುಟ ಎಲ್ಲಿಗೂ ಹೋಗುತ್ತಿರಲಿಲ್ಲ. ಈಗ ಚಂದಾ ನಿಂತರೆ ಹಳೆಯ ಸಂಚಿಕೆ ಕಾಣುತ್ತದೋ ಇಲ್ಲವೋ ಎಂಬುದು ಕರಾರಿನ ಯಾವುದೋ ಕಲಮಿಗೆ ಬಿಟ್ಟದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರ ಫೆಬ್ರುವರಿಯಲ್ಲಿ ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ ಜೊತೆಗಿನ ಒಪ್ಪಂದ ಮುರಿದು, ಎರಡು ವರ್ಷ ಪಟ್ಟು ಹಿಡಿದು, 2021ರ ಮಾರ್ಚ್‌ನಲ್ಲಿ ತನ್ನವರ ಲೇಖನಗಳು ಎಲ್ಲರಿಗೂ ಮುಕ್ತವಾಗಿ ಸಿಗುವಂಥ ಒಪ್ಪಂದಕ್ಕೆ ಬಂತು. ಭಾರತ ಬೇರೆ ದಾರಿ ಹಿಡಿದಿದೆ. 2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು, 6,300ರಷ್ಟು ಸರ್ಕಾರಿ ಸಂಸ್ಥೆಗಳು, 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು. ರಾಯಚೂರಿನ ಸರ್ಕಾರಿ ಕಾಲೇಜಿನ ಹುಡುಗಿಗೂ ಐಐಎಸ್‌ಸಿಯ ಹುಡುಗನಿಗೂ ಒಂದೇ ಬಾಗಿಲು ತೆರೆಯುವುದು ಸಣ್ಣ ಮಾತಲ್ಲ. ಆದರೆ ಇಷ್ಟು ದೊಡ್ಡ ಮೊತ್ತಕ್ಕೆ ದೇಶ ಪಡೆದದ್ದು ಮತ್ತದೇ ಬಾಗಿಲ ಕೀಲಿ. 2027 ಮುಗಿದ ಮೇಲೆ ಪ್ರಕಾಶಕರು ಹೊಸ ದರ ಹೇಳಿದಾಗ ಬೇಡ ಎನ್ನುವ ಧೈರ್ಯ ಯಾವ ಸರ್ಕಾರಕ್ಕೂ ಬರುವುದು ಕಷ್ಟ. ಅಷ್ಟರಲ್ಲಿ ಎಲ್ಲರಿಗೂ ಅಭ್ಯಾಸವಾಗಿರುತ್ತದೆ.

ಬಾಡಿಗೆಯದ್ದು ಉಳಿಯುವುದಿಲ್ಲ ಎಂಬುದು ಬರೀ ಅನುಮಾನವಲ್ಲ. ಮಾರ್ಟಿನ್ ಈವ್ ಎಂಬ ವಿದ್ವಾಂಸರು 74 ಲಕ್ಷ ಸಂಶೋಧನಾ ಪ್ರಕಟಣೆಗಳನ್ನು ತೆಗೆದುಕೊಂಡು, ಪ್ರಕಾಶಕರು ಮುಳುಗಿದರೂ ಉಳಿಯುವಂತೆ ಬೇರೆ ಯಾವುದಾದರೂ ಭಂಡಾರದಲ್ಲಿ ಅವುಗಳ ಪ್ರತಿ ಇದೆಯೇ ಎಂದು ಹುಡುಕಿದರು. 2024ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಸುಮಾರು ಶೇ 28ರಷ್ಟಕ್ಕೆ ಅಂಥ ಪ್ರತಿ ಕಾಣಲಿಲ್ಲ. ಸ್ಟ್ಯಾನ್‌ಫರ್ಡ್‌ನ ಗ್ರಂಥಪಾಲಕರು ಇದನ್ನು 1999ರಲ್ಲೇ ಊಹಿಸಿ ‘ಲಾಕ್ಸ್’ ಎಂಬ ವ್ಯವಸ್ಥೆ ಮಾಡಿದ್ದರು. ಒಂದೇ ಫೈಲನ್ನು ಬೇರೆ ಬೇರೆ ಊರಿನ ಲೈಬ್ರರಿಗಳು ಇಟ್ಟುಕೊಳ್ಳುತ್ತವೆ. ಅವುಗಳ ಕಂಪ್ಯೂಟರುಗಳು ಆಗಾಗ ಒಂದರ ಪ್ರತಿಯನ್ನು ಇನ್ನೊಂದರ ಜೊತೆ ತಾಳೆ ನೋಡಿ, ಕೆಟ್ಟದ್ದನ್ನು ಸರಿಯಾದದ್ದರಿಂದ ರಿಪೇರಿ ಮಾಡುತ್ತವೆ. ಓಲೆಗರಿ ಹುಳ ಹಿಡಿಯುವ ಮೊದಲೇ ಇನ್ನೊಂದು ಮಠಕ್ಕೆ ಪ್ರತಿ ಮಾಡಿಸಿ ಕಳಿಸುತ್ತಿದ್ದ ಲಿಪಿಕಾರರಿಗೆ ಇದನ್ನು ವಿವರಿಸಬೇಕಾದ್ದೇ ಇರಲಿಲ್ಲ.

ಯುದ್ಧ ಬಂದಾಗ ಈ ಪಾಠದ ಬೆಲೆ ಗೊತ್ತಾಗುತ್ತದೆ. 1992ರ ಆಗಸ್ಟ್‌ನಲ್ಲಿ ಸರಯೇವೊದ ರಾಷ್ಟ್ರೀಯ ಗ್ರಂಥಾಲಯ ಶೆಲ್ ದಾಳಿಗೆ ಉರಿದಾಗ ಸುಮಾರು 15 ಲಕ್ಷ ಪುಸ್ತಕಗಳ ಬೂದಿ ಊರ ಮೇಲೆ ಉದುರಿತು. 2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ದಂಡೆತ್ತಿ ಹೋದಾಗ ಕಾಗದ ಮಾತ್ರವಲ್ಲ, ಸರ್ವರುಗಳೂ ಬಾಂಬಿನ ದಾರಿಯಲ್ಲಿದ್ದವು. ಮಾರ್ಚ್ 1ರಂದು ಅಮೆರಿಕ, ಯುರೋಪಿನ ಮೂವರು ಗ್ರಂಥಾಲಯ ಹಾಗೂ ಡಿಜಿಟಲ್ ತಜ್ಞರು ಸೇರಿ ‘ಸೂಚೊ’ ಎಂಬ ತಂಡ ಕಟ್ಟಿದರು. ಕೆಲವೇ ದಿನಗಳಲ್ಲಿ ಸಾವಿರಕ್ಕೂ ಮಿಕ್ಕಿ ಸ್ವಯಂಸೇವಕರು ಸೇರಿಕೊಂಡರು. ತಮ್ಮ ತಮ್ಮ ಮನೆಯ ಕಂಪ್ಯೂಟರಿನಿಂದ ಯುಕ್ರೇನಿನ ಸಂಗ್ರಹಾಲಯ, ಪತ್ರಾಗಾರ, ಪುಟ್ಟ ಊರಿನ ಸಂಗೀತ ಶಾಲೆಗಳ ವೆಬ್‌ಸೈಟುಗಳನ್ನು ಇಡಿಯಾಗಿ ನಕಲು ಮಾಡತೊಡಗಿದರು. ಯಾವ ಊರಿಗೆ ಸೇನೆ ಹತ್ತಿರವಾಗಿದೆ ಎಂದು ನೋಡಿ ಸರದಿ ಹಾಕಿಕೊಳ್ಳುತ್ತಿದ್ದರು. ಹಾರ್ಕಿವ್ ಪ್ರಾಂತ್ಯದ ಪತ್ರಾಗಾರದ ಸೈಟಿನಿಂದ ನೂರಕ್ಕೂ ಹೆಚ್ಚು ಗಿಗಾಬೈಟ್ ನಕಲಾಗಿ ಕೆಲವೇ ಗಂಟೆಗಳಲ್ಲಿ ಆ ಸೈಟು ನಿಂತುಹೋಯಿತು. ಈ ತಂಡ ಒಟ್ಟು 5,000ಕ್ಕೂ ಹೆಚ್ಚು ಸೈಟುಗಳನ್ನು ಉಳಿಸಿತು. ಪ್ರತಿ ಸೈಟಿಗೂ ಮೊದಲು ಬರಹದಲ್ಲಿ ಅನುಮತಿ ಪಡೆಯಬೇಕು ಎಂದು ಕೂತಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಇಟ್ಟುಕೊಳ್ಳುವ ಹಕ್ಕಿಗೆ ರಾಜಕೀಯದಿಂದಲೂ ಪೆಟ್ಟು ಬೀಳುತ್ತಿದೆ. ಅಮೆರಿಕದಲ್ಲಿ ಶಾಲಾ ಲೈಬ್ರರಿಗಳಿಂದ ಪುಸ್ತಕ ತೆಗೆಸುವ ಚಳವಳಿ ಜೋರಾಗಿದೆ. 2023-24ರ ಶಾಲಾ ವರ್ಷದಲ್ಲಿ ಪೆನ್ ಅಮೆರಿಕ ಎಂಬ ಲೇಖಕರ ಸಂಘಟನೆ ಲೆಕ್ಕ ಹಾಕಿದ ಇಂಥ ಪ್ರಕರಣಗಳು 10,046. 2025ರ ಮೇ ತಿಂಗಳಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥೆ ಕಾರ್ಲಾ ಹೇಡನ್ ಅವರನ್ನು ಟ್ರಂಪ್ ಸರ್ಕಾರ ಮನೆಗೆ ಕಳಿಸಿತು. ಕಾಗದದ ಪುಸ್ತಕ ತೆಗೆಸಬೇಕಾದರೆ ಅರ್ಜಿ, ಸಭೆ, ಗದ್ದಲ, ಪತ್ರಿಕೆಯಲ್ಲಿ ಸುದ್ದಿ, ಇಷ್ಟೆಲ್ಲ ಆಗಬೇಕು. ಬಾಡಿಗೆಯ ಪುಸ್ತಕಕ್ಕೆ ಅದೂ ಬೇಡ. ಕರಾರು ನವೀಕರಿಸದಿದ್ದರೆ ಆಯಿತು, ಯಾರಿಗೂ ತಿಳಿಯುವುದಿಲ್ಲ. ಮಾರಿದ್ದೇವೆಂದು ಹೇಳಿದ ಪುಸ್ತಕವನ್ನೂ ಹಿಂದಕ್ಕೆ ಎಳೆದುಕೊಳ್ಳಬಹುದು ಎಂದು 2009ರಲ್ಲೇ ಅಮೆಜಾನ್ ತೋರಿಸಿಕೊಟ್ಟಿತ್ತು: ಮಾರಿದವರಿಗೆ ಹಕ್ಕಿರಲಿಲ್ಲವೆಂದು ಗ್ರಾಹಕರ ಕಿಂಡಲ್‌ಗಳಿಂದ ರಾತ್ರೋರಾತ್ರಿ ಅಳಿಸಿದ ಪುಸ್ತಕ ಬೇರೆ ಯಾವುದೂ ಅಲ್ಲ, ಜಾರ್ಜ್ ಆರ್ವೆಲ್‌ರ ‘1984’.

ದಾರಿಗಳಿಲ್ಲವೇ? ಇವೆ, ಚೂರುಚೂರಾಗಿ. ಡಚ್ ಗ್ರಂಥಾಲಯಗಳ ಸಂಘ ಹೂಡಿದ ದಾವೆಯಲ್ಲಿ ಯುರೋಪಿನ ನ್ಯಾಯಾಲಯ 2016ರ ನವೆಂಬರ್‌ನಲ್ಲಿ, ಒಮ್ಮೆಗೆ ಒಬ್ಬರಿಗೆ ಇ-ಪುಸ್ತಕ ಎರವಲು ಕೊಡುವುದೂ ಎರವಲೇ, ಲೇಖಕರಿಗೆ ಪರಿಹಾರ ಕೊಟ್ಟರೆ ಸಾಕು ಎಂದಿತು. ಆ ಪರಿಹಾರದ ಏರ್ಪಾಟು ಬ್ರಿಟನ್ನಿನಲ್ಲಿ ಬಹುಕಾಲದಿಂದ ಇದೆ. ಲೈಬ್ರರಿಯಿಂದ ತಮ್ಮ ಪುಸ್ತಕ ಎರವಲು ಹೋದಾಗಲೆಲ್ಲ ಲೇಖಕರಿಗೆ ಸರ್ಕಾರದ ನಿಧಿಯಿಂದ ಕೆಲವು ಪೆನ್ನಿ ಸೇರುತ್ತದೆ; 2018ರಿಂದ ಇ-ಪುಸ್ತಕಕ್ಕೂ. ದೃಷ್ಟಿ ಇಲ್ಲದವರಿಗೆ ಪುಸ್ತಕಗಳನ್ನು ಬ್ರೈಲ್ ಅಥವಾ ಆಡಿಯೊಗೆ ಬದಲಿಸಲು ಅನುಮತಿ ಬೇಡವೆನ್ನುವ ಮರಾಕೆಶ್ ಒಪ್ಪಂದಕ್ಕೆ 2014ರಲ್ಲಿ ಜಗತ್ತಿನಲ್ಲೇ ಮೊದಲು ಅಂಗೀಕಾರ ಕೊಟ್ಟ ದೇಶ ಭಾರತ. ಎಂದರೆ ಲೈಬ್ರರಿಯ ಹಕ್ಕನ್ನು ಪ್ರಕಾಶಕರ ಕರಾರಿಗೆ ಬಿಡದೆ ಕಾನೂನಿನಲ್ಲೇ ಬರೆಯಬಹುದು, ನಾವೇ ಬರೆದಿದ್ದೇವೆ.

ಇನ್ನೊಂದು ಕಡೆ ನಾವು 1954ರಲ್ಲೇ ನಿಂತಿದ್ದೇವೆ. ಆ ವರ್ಷದ ಕಾಯ್ದೆಯ ಪ್ರಕಾರ ಅಚ್ಚಾದ ಪ್ರತಿ ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಪ್ರಕಾಶಕರು ಕಳಿಸಬೇಕು. ಅಚ್ಚಾಗದ ಪುಸ್ತಕದ ಮಾತು ಅದರಲ್ಲಿಲ್ಲ. ಬ್ರಿಟನ್ 2013ರಲ್ಲಿ ಇ-ಪುಸ್ತಕ, ವೆಬ್‌ಸೈಟುಗಳನ್ನೂ ಇಂಥ ನಿಯಮದೊಳಗೆ ತಂದುಕೊಂಡಿತು. ಕನ್ನಡದಲ್ಲಿ ಈಗ ಮೊಬೈಲ್ ಆ್ಯಪ್‌ನಲ್ಲಷ್ಟೇ ಹೊರಬರುವ ಕಾದಂಬರಿಗಳಿವೆ, ಧಾರಾವಾಹಿಗಳಿವೆ, ಆಡಿಯೊ ಪುಸ್ತಕಗಳಿವೆ. ಅವುಗಳ ಒಂದು ಪ್ರತಿಯನ್ನು ಎಲ್ಲಿಯಾದರೂ ಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆ್ಯಪ್ ನಡೆಸುವ ಕಂಪನಿ ಬಾಗಿಲೆಳೆದರೆ ಅವೂ ಹೋದವು.

ಸಮಾಧಾನದ ಸಂಗತಿಯೆಂದರೆ, ಕನ್ನಡದಲ್ಲಿ ಅಮೆರಿಕದಂತೆ ನಾಲ್ಕೈದು ದೈತ್ಯ ಪ್ರಕಾಶಕರ ಹಿಡಿತವಿಲ್ಲ. ಇಲ್ಲಿನ ಪ್ರಕಾಶಕರು ಸಣ್ಣವರು, ಲೇಖಕರ ಜೊತೆ ಫೋನಿನಲ್ಲೇ ಮಾತು ಮುಗಿಸುವವರು. ನಿರಂಜನರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು 2014ರಲ್ಲಿ ಅವರ ಕುಟುಂಬದವರು ಯಾರು ಬೇಕಾದರೂ ಹಂಚಬಹುದಾದ ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟರು. ಎಲ್ಲರೂ ಅಷ್ಟು ಮಾಡಬೇಕಿಲ್ಲ. ಅಮೆರಿಕದಲ್ಲೇ 2024ರ ಆಗಸ್ಟ್‌ನಲ್ಲಿ ಡಿಜಿಟಲ್ ಪಬ್ಲಿಕ್ ಲೈಬ್ರರಿ ಆಫ್ ಅಮೆರಿಕ ಸಂಸ್ಥೆ ಸಣ್ಣ ಪ್ರಕಾಶಕರ ಪುಸ್ತಕಗಳನ್ನು ವಿತರಿಸುವ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡು, ಸಾವಿರಾರು ಇ-ಪುಸ್ತಕಗಳನ್ನು ಲೈಬ್ರರಿಗಳು ಬಾಡಿಗೆಗಲ್ಲ, ಖರೀದಿಗೇ ಪಡೆಯುವ ದಾರಿ ತೆರೆದಿದೆ. ನಮ್ಮ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಬಗ್ಗೆ ಪ್ರಕಾಶಕರಿಗೆ ನೂರೆಂಟು ದೂರುಗಳಿವೆ. ಪುಟಕ್ಕಿಷ್ಟು ಎಂದು ಕಟ್ಟುವ ದರ ಸಾಲದು, ಹಣ ತಡವಾಗುತ್ತದೆ ಎಂಬವು ಮುಖ್ಯವಾದವು. ಆದರೂ ಅಲ್ಲಿ ನಡೆಯುವುದು ಖರೀದಿ. ಕೊಂಡ ಪುಸ್ತಕ ಲೈಬ್ರರಿಯದ್ದೇ. ಇ-ಪುಸ್ತಕಕ್ಕೂ ಅದೇ ಇಲಾಖೆ ಒಂದು ದರ ಕಟ್ಟಿ, ಫೈಲನ್ನು ಕಂಪನಿಯ ಆ್ಯಪ್‌ನಲ್ಲಿ ಬಿಡದೆ ತನ್ನ ಸರ್ವರಿಗೆ ಪಡೆದು, ಇನ್ನೊಂದು ಪ್ರತಿಯನ್ನು ಮೈಸೂರಿನಲ್ಲೋ ಹಂಪಿಯಲ್ಲೋ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿಟ್ಟು, ಒಮ್ಮೆಗೆ ಒಬ್ಬರಂತೆ ಎರವಲು ಕೊಡಬಹುದು. ಇದಕ್ಕೆ ದೆಹಲಿಯಲ್ಲಿ ಕಾಯ್ದೆ ತಿದ್ದುವವರೆಗೆ ಕಾಯಬೇಕಾದ್ದಿಲ್ಲ. ಪ್ರಕಾಶಕರು ಒಪ್ಪಿದರೆ ಖರೀದಿ ಆದೇಶದಲ್ಲಿ ನಾಲ್ಕು ಸಾಲು ಸೇರಿಸಿದರೆ ಆಗುವ ಕೆಲಸ. ದರ ಎಷ್ಟು, ಅದರಲ್ಲಿ ಲೇಖಕರಿಗೆಷ್ಟು ಎಂಬ ಜಗಳ ಹೇಗೂ ನಡೆಯುತ್ತದೆ. ಅದು ಮುದ್ರಿತ ಪುಸ್ತಕಕ್ಕೂ ಇನ್ನೂ ಮುಗಿದಿಲ್ಲ.